ವೆಸಿಕಲ್ ಮೇಲಿನ ಕೋಟ್ ಬಿಚ್ಚೋದು ಎಟಿಪಿನಾ, ಜಿಟಿಪಿನಾ?

ಪ್ರಶ್ನೆ: ನಾನು ಬಿಎಸ್ಸಿ ಬಯೋಟೆಕ್ ಸ್ಟೂಡೆಂಟ್. ಕ್ಲಾಸಲ್ಲಿ ಸರ್, ಜಿಟಿಪಿ ಒಡೆದಾಗ ವೆಸಿಕಲ್ (ಸೆಲ್ ಒಳಗೆ ಸರಕು ಸಾಗಿಸೋ ಪೊರೆಯ ಸಣ್ಣ ಚೀಲ) ಮೇಲಿನ ಪ್ರೋಟೀನ್ ಕೋಟ್ ಕಳಚಿಕೊಳ್ಳುತ್ತೆ ಅಂದ್ರು. ಬುಕ್ಕಲ್ಲಿ ನೋಡಿದ್ರೆ ಎಚ್‌ಎಸ್‌ಸಿ70 ಅನ್ನೋ ಪ್ರೋಟೀನ್ ಎಟಿಪಿ ಖರ್ಚು ಮಾಡಿ ಕೋಟ್ ತೆಗೆಯುತ್ತೆ ಅಂತಿದೆ. ಯಾವುದು ಸರಿ? ಇನ್ನೊಂದು ಡೌಟು, ಹೇಗೂ ಒಂದು ನಿಮಿಷದಲ್ಲಿ ಬಿಚ್ಚಿ ಹಾಕೋದಾದ್ರೆ ಅಷ್ಟು ಕಷ್ಟಪಟ್ಟು ಕಟ್ಟೋದ್ಯಾಕೆ, ಮತ್ತೆ ಯಾವಾಗ ಬಿಚ್ಚಬೇಕು ಅಂತ ಸೆಲ್‌ಗೆ ಗೊತ್ತಾಗೋದು ಹೇಗೆ?

ಉತ್ತರ: ನಿಮ್ಮ ಸರ್ ಹೇಳಿದ್ದೂ ಸರಿ, ಬುಕ್ಕಲ್ಲಿರೋದೂ ಸರಿ (ಎಟಿಪಿ, ಜಿಟಿಪಿ ಎರಡೂ ಒಡೆದಾಗ ಶಕ್ತಿ ಕೊಡೋ ಸಣ್ಣ ಅಣುಗಳು). ಸರ್ ಹೇಳಿದ್ದು ಕಾಪ್1, ಕಾಪ್2 ಕೋಟ್‌ಗಳ ವಿಷಯ (ಸೆಲ್ ಒಳಗಿನ ಇಆರ್, ಗಾಲ್ಜಿ ಅನ್ನೋ ಪೊರೆಯ ಭಾಗಗಳಿಂದ ಹೊರಡೋ ವೆಸಿಕಲ್‌ಗಳದ್ದು), ಬುಕ್ಕಲ್ಲಿ ನೀವು ಓದಿರೋದು ಕ್ಲಾಥ್ರಿನ್ ಕೋಟ್ ವಿಷಯ (ಮುಖ್ಯವಾಗಿ ಸೆಲ್‌ನ ಹೊರಪೊರೆಯಿಂದ ಒಳಗೆ ಬರೋ ವೆಸಿಕಲ್‌ಗಳದ್ದು). ಮೂರನ್ನೂ ಒಂದೇ ಪುಟದಲ್ಲಿ ಒಂದೇ ಚಿತ್ರದಲ್ಲಿ ತೋರಿಸಿಬಿಡೋದ್ರಿಂದ ಈ ಗೊಂದಲ ತುಂಬಾ ಜನಕ್ಕೆ ಆಗುತ್ತೆ. ಆದ್ರೆ ನಿಮ್ಮ ಕೊನೇ ಡೌಟು, ಯಾವಾಗ ಬಿಚ್ಚಬೇಕು ಅಂತ ಹೇಗೆ ಗೊತ್ತಾಗುತ್ತೆ ಅನ್ನೋದು, ಅದು ನಿಜವಾಗ್ಲೂ ಒಳ್ಳೇ ಪ್ರಶ್ನೆ. ಅದಕ್ಕೆ ಉತ್ತರ ಕೊಡೋಕೆ ಮೊದಲು ಕೋಟ್ ಹೇಗೆ ಕಟ್ಕೊಳ್ಳುತ್ತೆ ಅಂತ ನೋಡ್ಲೇಬೇಕು, ಸ್ವಲ್ಪ ಉದ್ದ ಆಗುತ್ತೆ, ಓದಿ.

ಕೋಟ್ ಯಾಕೆ ಅನ್ನೋದನ್ನ ಮೊದಲು ಮುಗಿಸ್ತೀನಿ. ಪೊರೆ ತಾನಾಗೇ ಬಗ್ಗಿ 100 ನ್ಯಾನೋಮೀಟರ್ ಅಗಲದ ಗುಂಡು ಚೀಲ ಆಗಲ್ಲ, ಯಾರಾದ್ರೂ ಬಗ್ಗಿಸ್ಬೇಕು. ಹಾಗೇ ಆ ಚೀಲಕ್ಕೆ ಯಾವ ಸರಕು ತುಂಬ್ಬೇಕು ಅಂತಾನೂ ಆರಿಸ್ಬೇಕು. ಕೋಟ್ ಈ ಎರಡೂ ಕೆಲಸನ ಒಟ್ಟಿಗೇ ಮಾಡುತ್ತೆ. ಮನೆಗೆ ಆರ್‌ಸಿಸಿ ಹಾಕೋವಾಗ ಸೆಂಟ್ರಿಂಗ್ ಹೊಡೀತಾರಲ್ಲ, ಕಾಂಕ್ರೀಟ್ ಗಟ್ಟಿಯಾದ್ಮೇಲೆ ಅದೇ ಹಲಗೆ ಅದೇ ಜಾಕ್ ಬಿಚ್ಕೊಂಡು ಮುಂದಿನ ಸೈಟಿಗೆ ಹೋಗ್ತಾರೆ, ಕೋಟ್ ಪ್ರೋಟೀನ್‌ಗಳ ಬದುಕೂ ಹಾಗೇನೇ. ಆಕಾರ ಬಂದಾದ್ಮೇಲೆ ಕೋಟ್ ಅಲ್ಲೇ ಕೂತಿದ್ರೆ ಎರಡು ತೊಂದರೆ. ವೆಸಿಕಲ್ ಹೋಗಿ ಎಂಡೋಸೋಮ್ (ಒಳಗೆ ಬಂದ ಸರಕನ್ನ ವಿಂಗಡಿಸೋ ಪೊರೆಯ ಚೀಲ) ಜೊತೆ ಬೆರೀಬೇಕು, ಅದಕ್ಕೆ ಎರಡೂ ಕಡೆಯ ಸ್ನೇರ್ ಅನ್ನೋ ಪೊರೆ ಬೆಸೆಯೋ ಪ್ರೋಟೀನ್‌ಗಳು ಹತ್ತಿರ ಬಂದು ಹೆಣೆದುಕೊಳ್ಬೇಕು, ಮಧ್ಯದಲ್ಲಿ ಸುಮಾರು 20 ನ್ಯಾನೋಮೀಟರ್ ದಪ್ಪದ ಬಲೆ ನಿಂತಿದ್ರೆ ಅದಾಗಲ್ಲ. ಇನ್ನೊಂದು, ಸೆಲ್‌ನಲ್ಲಿರೋ ಕ್ಲಾಥ್ರಿನ್ ಒಂದು ಮಿತಿಯಲ್ಲಿದೆ, ಹಳೇ ವೆಸಿಕಲ್‌ಗಳ ಮೇಲೇ ಸಿಕ್ಕಿಹಾಕೊಂಡಿದ್ರೆ ಪೊರೆಯಲ್ಲಿ ಶುರುವಾಗೋ ಹೊಸ ಗುಳಿಗಳಿಗೆ (ಇವೇ ಆಮೇಲೆ ವೆಸಿಕಲ್ ಆಗೋದು) ಏನೂ ಉಳಿಯಲ್ಲ.

ಈ ಕೋಟ್‌ನ ಮೊದಲು ಚೆನ್ನಾಗಿ ನೋಡಿದ್ದು ಸೊಳ್ಳೆ ಮೊಟ್ಟೆಯಲ್ಲಿ. 1964ರಲ್ಲಿ ರಾತ್ ಮತ್ತು ಪೋರ್ಟರ್ ಅನ್ನೋ ಇಬ್ಬರು ಈಡಿಸ್ ಈಜಿಪ್ಟಿ ಸೊಳ್ಳೆಯ ಬೆಳೀತಿರೋ ಮೊಟ್ಟೆಗಳನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು (ಹೌದು, ನಮಗೆ ಡೆಂಗ್ಯೂ ತರೋ ಅದೇ ಸೊಳ್ಳೆ). ರಕ್ತ ಕುಡಿದ ಮೇಲೆ ಕೆಲವೇ ಗಂಟೆಗಳಲ್ಲಿ ಮೊಟ್ಟೆಯ ಮೇಲ್ಮೈಯಲ್ಲಿ ಸುಮಾರು 140 ನ್ಯಾನೋಮೀಟರ್‌ನ ಗುಳಿಗಳು 15 ಪಟ್ಟು ಜಾಸ್ತಿ ಆಗಿದ್ವು, ಪ್ರತಿ ಗುಳಿಗೂ ಸೆಲ್ ಒಳಗಿನ ಬದಿಯಲ್ಲಿ ಬ್ರಷ್ ಕೂದಲಿನ ಥರ ಒಂದು ಪದರ ಇತ್ತು. ಹಳದಿ ಭಾಗಕ್ಕೆ ಬೇಕಾದ ಪ್ರೋಟೀನ್ ಒಳಗೆ ಹೋಗ್ತಿದ್ದದ್ದು ಆ ಗುಳಿಗಳಿಂದ. ಆ ಪದರ ಯಾವುದರಿಂದ ಆಗಿದೆ ಅಂತ ತಿಳಿಯೋಕೆ ಹತ್ತು ವರ್ಷದ ಮೇಲಾಯ್ತು. ಕೇಂಬ್ರಿಡ್ಜ್‌ನಲ್ಲಿ ಬಾರ್ಬರಾ ಪಿಯರ್ಸ್ ಹಂದಿ ಮೆದುಳಿಂದ ಈ ವೆಸಿಕಲ್‌ಗಳನ್ನ ಶುದ್ಧ ಮಾಡಿ ತೆಗೆದು, ಮುಖ್ಯವಾಗಿ ಒಂದೇ ದೊಡ್ಡ ಪ್ರೋಟೀನ್ ಅಂತ ತೋರಿಸಿ, 1976ರಲ್ಲಿ ಅದಕ್ಕೆ ಕ್ಲಾಥ್ರಿನ್ ಅಂತ ಹೆಸರಿಟ್ರು.

ಕ್ಲಾಥ್ರಿನ್‌ನ ಆಕಾರ ಗೊತ್ತಾದ್ರೆ ಅರ್ಧ ವಿಷಯ ಗೊತ್ತಾದ ಹಾಗೆ. ಮೂರು ಭಾರಿ ಸರಪಳಿ, ಮೂರು ಹಗುರ ಸರಪಳಿ ಸೇರಿ ಮೂರು ಕಾಲಿನ ಒಂದು ಘಟಕ, ಇದಕ್ಕೆ ಟ್ರಿಸ್ಕೆಲಿಯನ್ ಅಂತಾರೆ. ಕಾಲುಗಳು ನೆಟ್ಟಗಿಲ್ಲ, ಮಂಡಿ ಹತ್ರ ಬಗ್ಗಿರುತ್ತೆ. ಇವು ಒಂದರ ಕಾಲಿನ ಮೇಲೆ ಇನ್ನೊಂದರ ಕಾಲು ಹೆಣೆದುಕೊಂಡು ಐದು ಮೂಲೆ ಆರು ಮೂಲೆಯ ಕಿಂಡಿಗಳಿರೋ ಬಲೆ ಆಗುತ್ತೆ, ಪ್ರತಿ ಅಂಚಲ್ಲೂ ನಾಲ್ಕು ಬೇರೆ ಬೇರೆ ಟ್ರಿಸ್ಕೆಲಿಯನ್‌ಗಳ ಕಾಲಿನ ತುಂಡು ಇರುತ್ತೆ. ಬರೀ ಆರು ಮೂಲೆ ಕಿಂಡಿ ಇದ್ರೆ ಬಲೆ ಚಪ್ಪಟೆಯಾಗೇ ಉಳಿಯುತ್ತೆ, ಐದು ಮೂಲೆದು ಸೇರ್ತಾ ಹೋದಂಗೆ ಬಗ್ಗುತ್ತೆ. ಪಂಚಭುಜ ಷಡ್ಭುಜ ಎರಡೇ ಇಟ್ಕೊಂಡು ಪೂರ್ತಿ ಮುಚ್ಚಿದ ಗೂಡು ಮಾಡೋದಾದ್ರೆ ಪಂಚಭುಜ ಸರಿಯಾಗಿ 12 ಇರಲೇಬೇಕು, ಇದು ಗಣಿತದ ಆಯ್ಲರ್ ಸೂತ್ರದ ಲೆಕ್ಕ. ಟೆಸ್ಟ್ ಟ್ಯೂಬಲ್ಲಿ ಕಟ್ಟಿರೋ ಚಿಕ್ಕ ಗೂಡಿಗೆ 28 ಟ್ರಿಸ್ಕೆಲಿಯನ್ ಸಾಕು, 36 ಇರೋದು, 60 ಇರೋದೂ ಸಿಗುತ್ತೆ.

ಈಗ ಇಲ್ಲಿ ಗಮನ ಕೊಡಿ, ಯಾಕಂದ್ರೆ ಎನರ್ಜಿ ಲೆಕ್ಕ ಎಲ್ಲಾ ಇಲ್ಲೇ ಇದೆ. ಶುದ್ಧ ಮಾಡಿದ ಟ್ರಿಸ್ಕೆಲಿಯನ್‌ಗಳನ್ನ ಟೆಸ್ಟ್ ಟ್ಯೂಬಲ್ಲಿ ಹಾಕಿ, ಉಪ್ಪಿನಂಶ ಕಮ್ಮಿ ಮಾಡಿ ಪಿಎಚ್ ಸ್ವಲ್ಪ ಇಳಿಸಿದ್ರೆ ತಾವಾಗೇ ಸೇರಿ ಗೂಡು ಕಟ್ಕೊಳ್ತವೆ, ಎಟಿಪಿ ಬೇಡ, ಜಿಟಿಪಿ ಬೇಡ, ಪೊರೆ ಕೂಡ ಬೇಡ. ಒಂದೊಂದು ಕೀಲೂ ದುರ್ಬಲ, ಆದ್ರೆ ಅಂಥವು ನೂರಾರು ಸೇರಿದಾಗ ಗೂಡು ಗಟ್ಟಿ ನಿಲ್ಲುತ್ತೆ. ಅಂದ್ರೆ ಕ್ಲಾಥ್ರಿನ್‌ಗೆ ಕಟ್ಕೊಳ್ಳೋದು ಇಳಿಜಾರಿನ ದಾರಿ, ತಾನೇ ಬಿಚ್ಕೊಳ್ಳೋಕೆ ಅದಕ್ಕೆ ಯಾವ ಕಾರಣಾನೂ ಇಲ್ಲ. ಅದಕ್ಕೇ ಬಿಚ್ಚೋ ಕಡೆ ಎಟಿಪಿ ಸುರೀಬೇಕಾಗುತ್ತೆ. ತುಂಬಾ ಸ್ಟೂಡೆಂಟ್ಸ್ ಉಲ್ಟಾ ತಿಳ್ಕೊಂಡಿರ್ತಾರೆ, ಕಟ್ಟೋಕೆ ಶಕ್ತಿ ಬೇಕು, ಉದುರೋದು ಸುಲಭ ಅಂತ.

ಹಾಗಾದ್ರೆ ಕ್ಲಾಥ್ರಿನ್ ಎಲ್ಲಂದ್ರಲ್ಲಿ ಯಾಕೆ ಕಟ್ಕೊಳ್ಳಲ್ಲ? ಸೈಟೋಸಾಲ್‌ನ (ಸೆಲ್ ಒಳಗಿನ ದ್ರವ) ಮಾಮೂಲಿ ಪಿಎಚ್‌ನಲ್ಲಿ ಅದು ಒಂಟಿಯಾಗಿ ಸೇರೋಕೆ ಹಿಂದೇಟು ಹಾಕುತ್ತೆ, ಜೊತೆಗೆ ಅದಕ್ಕೆ ಪೊರೆಯನ್ನ ನೇರವಾಗಿ ಹಿಡ್ಕೊಳ್ಳೋಕೂ ಬರಲ್ಲ. ಮಧ್ಯದಲ್ಲಿ ಅಡಾಪ್ಟರ್ ಬೇಕು. ಹೊರಪೊರೆಯಲ್ಲಿ ಆ ಕೆಲಸ ಎಪಿ2 ಅನ್ನೋ ನಾಲ್ಕು ಭಾಗದ ಪ್ರೋಟೀನ್‌ದು. ಸೈಟೋಸಾಲ್‌ನಲ್ಲಿ ತೇಲೋವಾಗ ಇದು ಮುದುಡಿಕೊಂಡಿರುತ್ತೆ, ಸರಕು ಹಿಡಿಯೋ ಜಾಗ, ಕ್ಲಾಥ್ರಿನ್ ಹಿಡಿಯೋ ಜಾಗ ಎರಡೂ ಮುಚ್ಚಿರುತ್ತೆ. ಹೊರಪೊರೆಯ ಒಳಮೈಯಲ್ಲಿ ಪಿಐಪಿ2 ಅನ್ನೋ ಲಿಪಿಡ್ (ಪೊರೆಯ ಕೊಬ್ಬಿನ ಅಣು) ಜಾಸ್ತಿ ಇದೆ, ಅದು ಸಿಕ್ಕಿದಾಗ ಎಪಿ2 ಪೊರೆ ಮೇಲೆ ಕೂತು ತೆರ್ಕೊಳ್ಳುತ್ತೆ, ಆಗ ರಿಸೆಪ್ಟರ್ (ಹೊರಗಿನ ಸರಕನ್ನ ಹಿಡ್ಕೊಳ್ಳೋ ಪೊರೆಯ ಪ್ರೋಟೀನ್) ಬಾಲದಲ್ಲಿರೋ ಗುರುತನ್ನ ಒಂದು ಕಡೆ ಹಿಡೀತದೆ, ಇನ್ನೊಂದು ಕಡೆ ಕ್ಲಾಥ್ರಿನ್‌ನ ಕರೀತದೆ. ಒಂದೊಂದೇ ಅಣು ನೋಡೋ ಮೈಕ್ರೋಸ್ಕೋಪಿಯಲ್ಲಿ 2012ರಲ್ಲಿ ಕಂಡ ಪ್ರಕಾರ ಒಂದು ಗುಳಿ ಶುರುವಾಗೋದು ಬರೀ ಎರಡು ಎಪಿ2 ಮತ್ತು ಒಂದು ಟ್ರಿಸ್ಕೆಲಿಯನ್‌ನಿಂದ. ಪಿಐಪಿ2 ಹೆಸರು ಮರೀಬೇಡಿ, ಬಿಚ್ಚೋ ಕಥೆಯಲ್ಲಿ ಅದೇ ಮುಖ್ಯ ಪಾತ್ರ.

ಸರಕಿನ ಗುರುತು ಎಷ್ಟು ಮುಖ್ಯ ಅನ್ನೋದಕ್ಕೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಡಲ್ಲಾಸ್‌ನಲ್ಲಿ ಮಾಡಿದ ಕೆಲಸ ನೋಡ್ಬೇಕು, 1985ರ ನೊಬೆಲ್ ಅವರಿಗೆ ಬಂತು. ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ವಿಪರೀತ ಇರೋ ರೋಗಿಗಳಲ್ಲಿ ಒಬ್ಬರ ಸೆಲ್‌ಗಳು ರಕ್ತದಲ್ಲಿ ಕೊಲೆಸ್ಟರಾಲ್ ಹೊರೋ ಎಲ್‌ಡಿಎಲ್ ಕಣಗಳನ್ನ ಚೆನ್ನಾಗೇ ಹಿಡ್ಕೊಳ್ತಿದ್ವು, ಆದ್ರೆ ಒಳಗೆ ಎಳ್ಕೊಳ್ತಿರ್ಲಿಲ್ಲ. ರಿಸೆಪ್ಟರ್ ಬಾಲದಲ್ಲಿ 807ನೇ ಜಾಗದ ಟೈರೋಸಿನ್ ಹೋಗಿ ಸಿಸ್ಟೀನ್ ಬಂದಿತ್ತು, ಅಷ್ಟೇ ವ್ಯತ್ಯಾಸ. ಕೋಟ್ ಇದೆ, ಗುಳಿ ಇದೆ, ರಿಸೆಪ್ಟರ್ ಇದೆ, ಆದ್ರೆ ಆ ರಿಸೆಪ್ಟರ್ ಗುಳಿಯೊಳಗೆ ಗುಂಪಾಗಲ್ಲ. ಇಡೀ ಸೆಲ್ ಬಯಾಲಜಿಯಲ್ಲಿ ನನಗೆ ತುಂಬಾ ಇಷ್ಟವಾದ ಪುರಾವೆಗಳಲ್ಲಿ ಇದೊಂದು, ಒಂದೇ ಒಂದು ಅಮೈನೋ ಆಸಿಡ್ ಬದಲಾಗಿ ಒಬ್ಬರ ಹೃದಯದ ತನಕ ಪರಿಣಾಮ ಹೋಗಿದೆ.

ಬಗ್ಗೋ ವಿಷಯದಲ್ಲಿ ಒಂದು ವಾದ ಬಹಳ ವರ್ಷ ನಡೆದಿದೆ. ಕ್ಲಾಥ್ರಿನ್ ಮೊದಲಿಂದಲೇ ಬಾಗಿಕೊಂಡು ಬೆಳೆಯುತ್ತಾ, ಇಲ್ಲಾ ಮೊದಲು ಚಪ್ಪಟೆ ಹಾಸಿ ಆಮೇಲೆ ಬಗ್ಗುತ್ತಾ ಅಂತ. 1980ರಲ್ಲಿ ಹ್ಯೂಸರ್ ತೆಗೆದ ಚಿತ್ರಗಳಲ್ಲಿ ಚಪ್ಪಟೆ ಬಲೆಗಳು ಸ್ಪಷ್ಟವಾಗಿ ಕಾಣ್ತವೆ, 2015ರಲ್ಲಿ ಬಂದ ಒಂದು ಕೆಲಸ ಚಪ್ಪಟೆ ಹಾಸೇ ಬಗ್ಗುತ್ತೆ ಅನ್ನೋ ಕಡೆ ವಾಲಿತು, ಹಾಗೆ ಬಗ್ಗಬೇಕು ಅಂದ್ರೆ ಆಗ್ಲೇ ಹೆಣೆದಿರೋ ಟ್ರಿಸ್ಕೆಲಿಯನ್‌ಗಳು ಬಿಟ್ಟು ಬೇರೆ ಬಂದು ಕೂರ್ತಾ ಇರ್ಬೇಕು. ಯೀಸ್ಟ್‌ನಲ್ಲಿ ಒಳಗಿನ ಒತ್ತಡ ಜಾಸ್ತಿ ಇರೋದ್ರಿಂದ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ತಳ್ಳದೆ ಗುಳಿನೇ ಆಗಲ್ಲ. ಎಪ್ಸಿನ್ ಅನ್ನೋ ಪ್ರೋಟೀನ್ ತನ್ನ ಒಂದು ಹೀಲಿಕ್ಸ್‌ನ (ಸುರುಳಿ ಆಕಾರದ ತುಂಡು) ಪೊರೆಯೊಳಗೆ ತೂರಿಸಿ ಬಗ್ಗೋಕೆ ಸಹಾಯ ಮಾಡುತ್ತೆ. ಪರೀಕ್ಷೆಗೆ ಇಷ್ಟೆಲ್ಲ ಬೇಡ.

ಗುಳಿ ಆಳ ಆಗಿ ಕೊನೆಗೆ ಒಂದು ಸಣ್ಣ ಕತ್ತು ಮಾತ್ರ ಉಳಿಯುತ್ತೆ. ಅದನ್ನ ಕತ್ತರಿಸೋದು ಡೈನಮಿನ್. ಇದು ಜಿಟಿಪಿ ಒಡೆಯೋ ಪ್ರೋಟೀನ್, ಕತ್ತಿನ ಸುತ್ತ ಸುರುಳಿ ಸುತ್ಕೊಂಡು ಬಿಗಿ ಮಾಡುತ್ತೆ. ನಿಮ್ಮ ಗೊಂದಲದಲ್ಲಿ ಈ ಜಿಟಿಪಿನೂ ಸೇರಿರೋ ಚಾನ್ಸ್ ಇದೆ, ಆದ್ರೆ ಡೈನಮಿನ್‌ನ ಜಿಟಿಪಿ ಖರ್ಚಾಗೋದು ಕತ್ತು ಕತ್ತರಿಸೋಕೆ, ಕೋಟ್ ಬಿಚ್ಚೋಕೆ ಅಲ್ಲ. ಇದರ ಮಹತ್ವ ಗೊತ್ತಾಗಿದ್ದು ಹಣ್ಣುನೊಣದ ಶಿಬಿರೆ ಅನ್ನೋ ಮ್ಯುಟೆಂಟ್‌ನಿಂದ (ಜೀನ್ ಬದಲಾದ ತಳಿ), ಸುಮಾರು 29-30 ಡಿಗ್ರಿ ಬಿಸಿ ಮಾಡಿದ್ರೆ ನೊಣಕ್ಕೆ ಪಾರ್ಶ್ವವಾಯು ಬಡಿದಂಗಾಗಿ ಬೀಳುತ್ತೆ, ತಣ್ಣಗೆ ಮಾಡಿದ್ರೆ ಎದ್ದು ಓಡಾಡುತ್ತೆ. ನರದ ತುದಿಯಲ್ಲಿ ವೆಸಿಕಲ್‌ಗಳು ಖಾಲಿಯಾಗಿರ್ತವೆ, ಪೊರೆಯಲ್ಲಿ ಕತ್ತರಿಸದೆ ನಿಂತ ಗುಳಿಗಳು ಮಾತ್ರ ಸಿಗ್ತವೆ. 1991ರಲ್ಲಿ ಆ ಜೀನ್ ಡೈನಮಿನ್‌ದೇ ಅಂತ ಗೊತ್ತಾಯ್ತು. ಈ ನೊಣಗಳ ಮೇಲೆ ನಮ್ಮ ದೇಶದಲ್ಲೂ ಗಟ್ಟಿ ಕೆಲಸ ನಡೆದಿದೆ, ಮುಂಬೈನ ಟಿಐಎಫ್‌ಆರ್‌ನಲ್ಲಿದ್ದ ಕೆ.ಎಸ್. ಕೃಷ್ಣನ್ ಮತ್ತು ಜೊತೆಗಾರರು 2001ರಲ್ಲಿ ಡೈನಮಿನ್‌ಗೆ ಜಿಟಿಪಿ ಒದಗಿಸೋಕೆ ನ್ಯೂಕ್ಲಿಯೋಸೈಡ್ ಡೈಫಾಸ್ಫೇಟ್ ಕೈನೇಸ್ ಅನ್ನೋ ಎನ್ಜೈಮ್ ಬೇಕು ಅಂತ ತೋರಿಸಿದ್ರು. ಪುಣೆಯ ಐಐಎಸ್‌ಇಆರ್‌ನಲ್ಲಿ ಥಾಮಸ್ ಪುಕಡಿಯಿಲ್ ಅವರ ಲ್ಯಾಬ್ ಗಾಜಿನ ಮೇಲೆ ಪೊರೆಯ ಸಣ್ಣ ನಳಿಗೆಗಳನ್ನ ಮಾಡಿ, ಡೈನಮಿನ್ ಅವನ್ನ ಕತ್ತರಿಸೋದನ್ನ ಮೈಕ್ರೋಸ್ಕೋಪ್‌ನಲ್ಲಿ ನೇರವಾಗಿ ನೋಡುತ್ತೆ. (ಹೊರಗಿನ ಸರಕನ್ನ ಸೆಲ್ ಒಳಗೆ ಎಳ್ಕೊಳ್ಳೋದಕ್ಕೆ ಎಂಡೋಸೈಟೋಸಿಸ್ ಅಂತಾರೆ, ಎಲ್ಲಾ ಎಂಡೋಸೈಟೋಸಿಸ್‌ಗೂ ಕ್ಲಾಥ್ರಿನ್ ಬೇಕೇ ಬೇಕು ಅಂತೇನಿಲ್ಲ, ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ಗುಂಪು ಕ್ಲಾಥ್ರಿನ್ ಇಲ್ಲದ ದಾರಿಯನ್ನ ವರ್ಷಗಟ್ಟಲೆ ಹಿಂಬಾಲಿಸಿದೆ, ಅದು ಇನ್ನೊಂದು ಪ್ರಶ್ನೆಗೆ ಇರ್ಲಿ.)

ಸರಿ, ಈಗ ಬಿಚ್ಚೋದು. 1984ರಲ್ಲಿ ರಾತ್‌ಮನ್ ಅವರ ಲ್ಯಾಬ್ ಹಸುವಿನ ಮೆದುಳಿಂದ ಒಂದು ಎನ್ಜೈಮ್ ತೆಗೀತು, ಕ್ಲಾಥ್ರಿನ್ ವೆಸಿಕಲ್‌ಗೆ ಅದನ್ನ ಮತ್ತು ಎಟಿಪಿ ಸೇರಿಸಿದ್ರೆ ಕೋಟ್ ಬಿಚ್ಚಿ ಟ್ರಿಸ್ಕೆಲಿಯನ್‌ಗಳು ಇಡಿಯಾಗಿ ಹೊರಗೆ ಬರ್ತಿದ್ವು, ಮುರಿದು ಚೂರಾಗ್ದೇ. ಎರಡೇ ವರ್ಷದಲ್ಲಿ ಆ ಎನ್ಜೈಮ್ ಬೇರೆ ಯಾವುದೂ ಅಲ್ಲ, ಸೆಲ್‌ನಲ್ಲಿ ಸದಾ ಇರೋ ಹೀಟ್ ಶಾಕ್ ಕುಟುಂಬದ ಎಚ್‌ಎಸ್‌ಸಿ70 ಅಂತ ಗೊತ್ತಾಯ್ತು. ಪ್ರೋಟೀನ್‌ಗಳ ಮಡಿಕೆ ಸರಿಮಾಡೋ ಅದೇ ಚಾಪೆರೋನ್! ಅದಕ್ಕೆ ಒಬ್ಬ ಜೊತೆಗಾರ ಬೇಕು, ಅದು ಆಕ್ಸಿಲಿನ್. ಮೆದುಳಲ್ಲಿ ಆಕ್ಸಿಲಿನ್, ದೇಹದ ಎಲ್ಲಾ ಕಡೆ ಅದರ ಸೋದರ ಜಿಎಕೆ. ಆಕ್ಸಿಲಿನ್ ಕೋಟ್‌ನ ಒಳಬದಿಯಲ್ಲಿ, ಮೂರು ಕಾಲು ಕೂಡೋ ಜಾಗದ ಕೆಳಗೆ ಹೋಗಿ ಕೂತು, ತನ್ನ ಜೆ ಡೊಮೇನ್ ಅನ್ನೋ ಭಾಗದಿಂದ ಎಚ್‌ಎಸ್‌ಸಿ70ನ ಅಲ್ಲಿಗೆ ತರುತ್ತೆ. ಕ್ಲಾಥ್ರಿನ್‌ನ ಬಾಲದ ತುದಿ ಅಲ್ಲೇ ಸಡಿಲವಾಗಿ ನೇತಾಡ್ತಿರುತ್ತೆ, ಎಚ್‌ಎಸ್‌ಸಿ70 ಎಟಿಪಿ ಒಡೆದು ಆ ಬಾಲನ ಗಟ್ಟಿಯಾಗಿ ಕಚ್ಕೊಳ್ಳುತ್ತೆ.

ಕಚ್ಕೊಂಡ ಮಾತ್ರಕ್ಕೆ ಗೂಡು ಯಾಕೆ ಬಿಚ್ಕೊಳ್ಳುತ್ತೆ? ಎಚ್‌ಎಸ್‌ಸಿ70 ಸಾಕಷ್ಟು ದೊಡ್ಡ ಪ್ರೋಟೀನ್, ಗೂಡಿನ ಗೋಡೆ ಪಕ್ಕದ ಇಕ್ಕಟ್ಟಲ್ಲಿ ಬಾಲಕ್ಕೆ ಕಟ್ಕೊಂಡು ಸಿಕ್ಕಿಹಾಕೊಂಡಿದೆ, ಅಣುಗಳು ಒಂದು ಕ್ಷಣಾನೂ ಸುಮ್ನಿರಲ್ಲ, ಅಲ್ಲಾಡ್ತಾ ಗೋಡೆಗೆ ಡಿಕ್ಕಿ ಹೊಡೀತಾನೇ ಇರ್ತವೆ. ಆ ಡಿಕ್ಕಿಗಳ ಒತ್ತಡವೇ ಕೀಲುಗಳನ್ನ ಬಿಡಿಸುತ್ತೆ ಅನ್ನೋದಕ್ಕೆ 2016ರಲ್ಲಿ ಒಳ್ಳೇ ಪುರಾವೆ ಬಂತು. ಕೆಲವು ಕಡೆ ಬಿಟ್ರೆ ಸಾಕು, ಪಕ್ಕದ್ದೂ ಬಿಡ್ತಾ ಹೋಗುತ್ತೆ, ಸೆಕೆಂಡುಗಳಲ್ಲಿ ಕೋಟ್ ಇಲ್ಲ.

ಈಗ ನಿಮ್ಮ ಟೈಮಿಂಗ್ ಪ್ರಶ್ನೆ. ಎಚ್‌ಎಸ್‌ಸಿ70 ಸೆಲ್ ತುಂಬಾ ಇದೆ, ಎಟಿಪಿನೂ ಇದೆ, ಹಾಗಿದ್ರೂ ಅರ್ಧ ಕಟ್ಟಿರೋ ಗುಳಿಯನ್ನ ಯಾಕೆ ಕೆಡವಲ್ಲ? 2006ರಲ್ಲಿ ಕಿರ್ಶ್‌ಹೌಸನ್ ಅವರ ಲ್ಯಾಬ್ ಬದುಕಿರೋ ಸೆಲ್‌ಗಳಲ್ಲಿ ಆಕ್ಸಿಲಿನ್‌ಗೆ ಹೊಳೆಯೋ ಟ್ಯಾಗ್ ಹಾಕಿ ನೋಡಿತು. ಗುಳಿ ಬೆಳೀತಿರೋ ಅಷ್ಟೂ ಹೊತ್ತು ಆಕ್ಸಿಲಿನ್ ಹೆಚ್ಚುಕಮ್ಮಿ ಇಲ್ಲ, ವೆಸಿಕಲ್ ಕತ್ತರಿಸಿ ಬೇರೆಯಾದ ಕೂಡ್ಲೇ ದಬಕ್ಕನೆ ಬಂದು ಸೇರುತ್ತೆ, ಅದರ ಬೆನ್ನಿಗೇ ಕ್ಲಾಥ್ರಿನ್ ಹೋಗಿಬಿಡುತ್ತೆ. ಅಂದ್ರೆ ಕತ್ತರಿಸಿದ್ದು ಆಕ್ಸಿಲಿನ್‌ಗೆ ಹೇಗೋ ತಿಳೀತಿದೆ. ಆಕ್ಸಿಲಿನ್‌ನಲ್ಲಿ ಲಿಪಿಡ್ ಗುರುತಿಸೋ ಒಂದು ಭಾಗ ಇದೆ. ಗುಳಿ ಇನ್ನೂ ಹೊರಪೊರೆಗೆ ಅಂಟಿಕೊಂಡಿರೋವಾಗ ಸಿನಾಪ್ಟೋಜಾನಿನ್ ಥರದ ಎನ್ಜೈಮ್‌ಗಳು ಪಿಐಪಿ2ನ ಎಷ್ಟೇ ತಿಂದ್ರೂ ಸುತ್ತಲಿನ ಪೊರೆಯಿಂದ ಹೊಸದು ಹರಿದು ಬಂದು ತುಂಬ್ಕೊಳ್ಳುತ್ತೆ. ಕತ್ತು ಕತ್ತರಿಸಿದ ಕ್ಷಣದಿಂದ ಸಪ್ಲೈ ಬಂದ್, ಅಷ್ಟು ಸಣ್ಣ ವೆಸಿಕಲ್‌ನಲ್ಲಿರೋದು ಬೇಗ ಖಾಲಿಯಾಗಿ ಲಿಪಿಡ್‌ಗಳ ಸ್ವರೂಪ ಬದಲಾಗುತ್ತೆ. ಆಗ ಎಪಿ2 ಹಿಡಿತ ಸಡಿಲ, ಆಕ್ಸಿಲಿನ್‌ಗೆ ಜಾಗ ಸಿದ್ಧ. ಗಡಿಯಾರ ಅಂತ ಬೇರೆ ಇಟ್ಟಿಲ್ಲ, ತಾಯಿ ಪೊರೆಯಿಂದ ಬೇರೆಯಾಗೋದೇ ಸಿಗ್ನಲ್. ಸಿನಾಪ್ಟೋಜಾನಿನ್ ಇಲ್ಲದ ಇಲಿಗಳ ನರತುದಿಯಲ್ಲಿ ಕೋಟ್ ಬಿಚ್ಚದ ವೆಸಿಕಲ್‌ಗಳು ಗುಡ್ಡೆ ಬಿದ್ದಿರೋದು 1999ರಲ್ಲೇ ಕಂಡಿದೆ, ಈ ವಿವರಣೆಗೆ ಅದು ಚೆನ್ನಾಗಿ ಕೂರುತ್ತೆ.

ಇನ್ನು ನಿಮ್ಮ ಸರ್ ಹೇಳಿದ ಜಿಟಿಪಿ. ಇಆರ್‌ನಿಂದ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಹೊರಡೋ ವೆಸಿಕಲ್‌ಗಳ ಕೋಟ್ ಕಾಪ್2. ಇದರ ಹೆಚ್ಚಿನ ಭಾಗಗಳು ಸಿಕ್ಕಿದ್ದು ಶೆಕ್‌ಮನ್ ಅವರ ಯೀಸ್ಟ್ ಮ್ಯುಟೆಂಟ್‌ಗಳಿಂದ, ಅವರು ಮತ್ತು ನೋವಿಕ್ 1980ರ ಹೊತ್ತಿಗೆ ಕೆಟ್ರೆ ಸೆಕ್ರಿಷನ್ (ಪ್ರೋಟೀನ್‌ಗಳನ್ನ ಸೆಲ್ ಹೊರಗೆ ಕಳಿಸೋದು) ನಿಂತುಹೋಗೋ 23 ಜೀನ್‌ಗಳನ್ನ ಗುರುತಿಸಿದ್ರು, 2013ರ ನೊಬೆಲ್‌ನಲ್ಲಿ ಶೆಕ್‌ಮನ್, ರಾತ್‌ಮನ್, ಸ್ಯೂಡೋಫ್ ಮೂವರೂ ಇದ್ದಾರೆ. ಇಲ್ಲಿ ಶುರು ಮಾಡೋದು ಸಾರ್1 ಅನ್ನೋ ಸಣ್ಣ ಜಿಟಿಪಿ ಪ್ರೋಟೀನ್. ಇಆರ್ ಪೊರೆಯಲ್ಲೇ ಬೇರೂರಿರೋ ಸೆಕ್12 ಇದಕ್ಕೆ ಜಿಟಿಪಿ ತುಂಬಿಸುತ್ತೆ, ತುಂಬಿದ ಕೂಡ್ಲೇ ಸಾರ್1 ತನ್ನ ಹೀಲಿಕ್ಸ್‌ನ ಪೊರೆಗೆ ತೂರಿಸಿ ಕೂರುತ್ತೆ, ಅದರ ಮೇಲೆ ಸೆಕ್23/24 ಬಂದು ಸರಕು ಹಿಡೀತದೆ, ಹೊರಗಡೆಯಿಂದ ಸೆಕ್13/31 ಗೂಡು ಕಟ್ಟುತ್ತೆ. ವಿಚಿತ್ರ ಅಂದ್ರೆ ಸಾರ್1ನ ಜಿಟಿಪಿ ಒಡೆಸೋದು ಆ ಸೆಕ್23ನೇ, ಹೊರಗಿನ ಸೆಕ್13/31 ಬಂದು ಸೇರಿದ್ರೆ ಒಡೆಯೋ ವೇಗ ಇನ್ನೂ ಸುಮಾರು ಹತ್ತು ಪಟ್ಟು. ಕೋಟ್ ಪೂರ್ತಿ ಆದಷ್ಟೂ ಅದರ ಬುಡ ಬೇಗ ಸಡಿಲ ಆಗುತ್ತೆ! ಇಆರ್‌ಗೆ ಅಂಟಿಕೊಂಡಿರೋ ತನಕ ಸೆಕ್12 ಪಕ್ಕದಲ್ಲೇ ಇದ್ದು ಹೊಸ ಸಾರ್1 ಕೊಡ್ತಾ ಇರುತ್ತೆ, ಬೇರೆಯಾದ ಮೇಲೆ ಅದಿಲ್ಲ, ಹೋದ ಸಾರ್1 ಹೋಯ್ತು. ಪಿಐಪಿ2 ವಿಷಯದಲ್ಲಿ ನೋಡಿದ ತರ್ಕವೇ ಇಲ್ಲೂ ಇದೆ ನೋಡಿ, ತಾಯಿ ಪೊರೆಯಿಂದ ಬರೋ ಸಪ್ಲೈ ನಿಂತ್ರೆ ಕೋಟ್ ನಿಲ್ಲಲ್ಲ. ಎಚ್‌ಎಸ್‌ಸಿ70 ಇಲ್ಲಿ ಬೇಕಾಗಿಲ್ಲ.

ಗಾಲ್ಜಿಯ ಕಾಪ್1ನಲ್ಲಿ ಸಾರ್1 ಜಾಗದಲ್ಲಿ ಆರ್ಫ್1, ಕೋಟ್ ಏಳು ಭಾಗದ ಕೋಟಮರ್. ಆರ್ಫ್ ಗ್ಯಾಪ್1 ಅನ್ನೋ ಪ್ರೋಟೀನ್ ಆರ್ಫ್1ನ ಜಿಟಿಪಿ ಒಡೆಸುತ್ತೆ, ಅದು ಪೊರೆ ಎಷ್ಟು ಬಾಗಿದೆ ಅಂತ ಗುರುತಿಸುತ್ತೆ, ಚಪ್ಪಟೆ ಜಾಗದಲ್ಲಿ ನಿಧಾನ, ವೆಸಿಕಲ್‌ನಷ್ಟು ಬಾಗಿರೋ ಕಡೆ ಚುರುಕು (2003ರಲ್ಲಿ ಆಂಟೋನಿ ಅವರ ಗುಂಪಿನ ಕೆಲಸ). ಜಿಟಿಪಿ ಬದಲು ಒಡೆಯೋಕಾಗದ ಜಿಟಿಪಿ-ಗಾಮಾ-ಎಸ್ ಹಾಕಿದ್ರೆ ಕೋಟ್ ಬಿಚ್ಚದ ವೆಸಿಕಲ್‌ಗಳು ರಾಶಿ ಬೀಳ್ತವೆ, ರಾತ್‌ಮನ್ ಲ್ಯಾಬ್ ಕಾಪ್1 ವೆಸಿಕಲ್‌ಗಳನ್ನ ಒಟ್ಟುಮಾಡಿದ್ದೇ ಈ ಉಪಾಯದಿಂದ. ನಿಮ್ಮ ಸರ್ ಮಾತಿಗೆ ನೇರ ಪುರಾವೆ ಇದು, ಪರೀಕ್ಷೇಲಿ ಬರೀರಿ.

ಒಂದು ಎಚ್ಚರಿಕೆ, ಕ್ಲಾಥ್ರಿನ್ ಅಂದ ತಕ್ಷಣ ಜಿಟಿಪಿಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಬರೀಬೇಡಿ. ಗಾಲ್ಜಿ ಹಿಂಭಾಗದಲ್ಲಿ ಕಟ್ಟೋ ಕ್ಲಾಥ್ರಿನ್ ಕೋಟ್‌ಗೆ ಎಪಿ1 ಅಡಾಪ್ಟರ್, ಅದನ್ನ ಪೊರೆಗೆ ಕರೆಯೋದು ಆರ್ಫ್1. ಅಲ್ಲಿ ಜಿಟಿಪಿನೂ ಬೇಕು, ಎಚ್‌ಎಸ್‌ಸಿ70ನೂ ಬೇಕು. ಹಾಗೇ ಕಾಪ್2 ಕೋಟ್ ಪೂರ್ತಿ ಹೋದ್ಮೇಲೇ ವೆಸಿಕಲ್ ಮುಂದಿನ ಪೊರೆನ ಮುಟ್ಟುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ, ಟ್ರ್ಯಾಪ್ ಅನ್ನೋ ಹಗ್ಗದಂಥ ಸಂಕೀರ್ಣ ಸೆಕ್23ನ್ನೇ ಹಿಡ್ಕೊಂಡು ವೆಸಿಕಲ್‌ನ ಹತ್ರ ತರುತ್ತೆ, ಅಂದ್ರೆ ಕೋಟ್‌ನ ಸ್ವಲ್ಪ ಭಾಗ ಅಲ್ಲಿ ತನಕ ಉಳಿದಿರುತ್ತೆ.

ಬಿಚ್ಚೋದು ಕೆಟ್ರೆ ಏನಾಗುತ್ತೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಆಕ್ಸಿಲಿನ್‌ನ ಜೀನ್ ಡಿಎನ್‌ಎಜೆಸಿ6 ಎರಡೂ ಪ್ರತಿಯಲ್ಲಿ ಕೆಟ್ಟಿರೋ ಮಕ್ಕಳಿಗೆ ಚಿಕ್ಕ ವಯಸ್ಸಲ್ಲೇ ಪಾರ್ಕಿನ್‌ಸನ್ ಥರದ ಕಾಯಿಲೆ ಬರುತ್ತೆ, ಸಿನಾಪ್ಟೋಜಾನಿನ್ 1 ಜೀನ್‌ನ ಕೆಲವು ಮ್ಯುಟೇಷನ್‌ಗಳಿಂದಲೂ ಅದೇ ಥರ. ಎರಡೂ 2012-13ರಲ್ಲಿ ವರದಿಯಾದವು. ನರಕೋಶಗಳ ತುದಿಯಲ್ಲಿ ವೆಸಿಕಲ್‌ಗಳು ಬೇಗ ಬೇಗ ಮರುಬಳಕೆ ಆಗ್ಬೇಕು, ಬಿಚ್ಚೋದು ತಡ ಆದ್ರೆ ಅವಕ್ಕೇ ಮೊದಲು ಪೆಟ್ಟು. ಡೋಪಮಿನ್ ನರಕೋಶಗಳಿಗೇ ಇದು ಯಾಕೆ ಇಷ್ಟು ಜೋರಾಗಿ ತಾಗುತ್ತೆ ಅನ್ನೋದರ ಮೇಲೆ ಈಗ ಬೇಕಾದಷ್ಟು ಲ್ಯಾಬ್‌ಗಳು ಕೆಲಸ ಮಾಡ್ತಿವೆ. ಎಮ್ಮೆಸ್ಸಿಗೆ ನ್ಯೂರೋಸೈನ್ಸ್ ಕಡೆ ಹೋಗೋ ಯೋಚನೆ ಇದ್ರೆ ಸಿನಾಪ್ಟೋಜಾನಿನ್‌ನಿಂದ ಓದೋಕೆ ಶುರು ಮಾಡಿ.